ಬಲಗಡೆಯ ಕುಚ್ಚು

ಟೋಪಿ ಹಾಕಿಕೊಂಡ ತನ್ನ ತಲೆ ಹೇಗೆ ಕಾಣುತ್ತದೆಂದು ನೋಡಬೇಕಾದರೆ ಬ್ರೀಟಾ ನೆಲದ ಮೇಲೆ ಮಲಗಬೇಕಾಗಿತ್ತು. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆ ಇಲ್ಲ. ಬೇಕಾದರೆ ಅಮೆರಿಕದ ಉತ್ತರದ ಅಂಚಿನಲ್ಲಿ, ಸರೋವರದ ದಡದಲ್ಲಿರುವ ನಮ್ಮ ಇಡೀ ಊರನ್ನು ಕೇಳಿ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟ ದೊಡ್ಡ ಹುಡುಗ ಹುಡುಗಿಯರನ್ನು ಮತ್ತೆ ಕೂರಿಸಿ ಓದಿಸಿ ಡಿಪ್ಲೊಮ ಕೊಡಿಸುವ ನಮ್ಮೂರಿನ ಶಾಲೆ ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಶೂ ಅಂಗಡಿಯಲ್ಲಿ. ಗಣಿ ಮುಚ್ಚಿತು, ಗಣಿಯ ಹಿಂದೆಯೇ ಅಂಗಡಿಯೂ ಮುಚ್ಚಿತು, ಶೂಗಳೆಲ್ಲ ಎಲ್ಲಿಗೋ ನಡೆದುಕೊಂಡು ಹೋದವು. ಆದರೆ ಗಿರಾಕಿಗಳು ಕಾಲು ನೋಡಿಕೊಳ್ಳಲೆಂದು ಗೋಡೆಯುದ್ದಕ್ಕೂ ಓರೆಯಾಗಿ ನಿಲ್ಲಿಸಿದ್ದ ಮೊಣಕಾಲೆತ್ತರದ ಕನ್ನಡಿಗಳನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ಬೀಜಗಣಿತ ಕಲಿಯುವಾಗಲೂ ದೇಶದ ಚರಿತ್ರೆ ಓದುವಾಗಲೂ ಅಲ್ಲಿನವರು ನೋಡುತ್ತಿದ್ದದ್ದು ತಮ್ಮ ತಮ್ಮ ಪಾದಗಳನ್ನೇ. ಯಾರಿಗೆ ಉತ್ತರ ಬರುವುದಿಲ್ಲ ಎಂಬುದು ಮುಖಕ್ಕಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಇಂಥ ಶಾಲೆ ಮೂರು ಲೋಕದಲ್ಲೂ ಇನ್ನೊಂದಿಲ್ಲ.

ಆ ಗುರುವಾರ ಮಧ್ಯಾಹ್ನ, ಪರೀಕ್ಷೆಗಳೆಲ್ಲ ಮುಗಿದು ಎಲ್ಲರೂ ಪಾಸಾಗಿ ಗೌನು ಟೋಪಿಗಳ ಪೆಟ್ಟಿಗೆ ಬಂದ ದಿನ, ಬ್ರೀಟಾ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿ, ಕತ್ತು ಹೊರಳಿಸಿ, ಕನ್ನಡಿಯಲ್ಲಿ ತನ್ನನ್ನು ಹುಡುಕಿದಳು. ಮೊದಲು ಯಾರದೋ ಬೂಟು ಕಂಡಿತು, ಆಮೇಲೆ ಚಾವಣಿಯ ದೀಪ, ಆಮೇಲೆ ನೀರಿನೊಳಗಿಂದ ಮೇಲೆದ್ದು ಬರುವಂತೆ ಒಂದು ಚೌಕಾಕಾರದ ಕಪ್ಪು ಟೋಪಿ, ಅದರ ಅಡಿಯಲ್ಲಿ ಇಪ್ಪತ್ತನಾಲ್ಕು ವರ್ಷದ ಒಂದು ಮುಖ. ಈ ಮುಖಕ್ಕೂ ಈ ಟೋಪಿಗೂ ಹಿಂದೆಯೇ ಪರಿಚಯವಿದೆ ಎಂದು ಅವಳಿಗೆ ಅನ್ನಿಸಿತು.

"ಏನ್ ತಾಯಿ, ಪಾಸಾದ ಖುಷಿಗೆ ಪ್ರಾಣನೇ ಬಿಟ್ಯಾ?" ಎಂದು ಮೇಲಿನಿಂದ ಒಂದು ದನಿ ಬಂತು. ಡೆಲ್ಬರ್ಟ್. ಚಳಿಗಾಲದಲ್ಲಿ ಊರಿನ ರಸ್ತೆಗಳಿಂದ ಹಿಮ ತಳ್ಳುವ ಲಾರಿ ಓಡಿಸುವವನು. ಅವನ ಬೂಟೊಂದರಲ್ಲಿ ನಾಲ್ಕು ಜನ ಕೂತು ಸರೋವರ ದಾಟಬಹುದು.

"ಟೋಪಿ ನೋಡ್ಕೋತಿದೀನಿ ಕಣೋ. ನಿನ್ನ ದೋಣಿ ಸ್ವಲ್ಪ ಆ ಕಡೆ ಸರಿಸು."

"ನೋಡ್ಕೋ ನೋಡ್ಕೋ. ನನ್ನ ಹೆಂಡ್ತಿ ಹೇಳಿದಾಳೆ, ಈ ಟೋಪಿ ಹಾಕ್ಕೊಂಡೇ ಇನ್ಮೇಲೆ ಲಾರಿ ಓಡಿಸ್ಬೇಕಂತೆ."

ಪೆಲ್ಕಿ ಮೇಷ್ಟ್ರು ಕೈತಟ್ಟಿದರು. ತೆಳ್ಳಗಿನ ಮನುಷ್ಯ, ಎಷ್ಟು ತೆಳ್ಳಗೆ ಎಂದರೆ ಸರೋವರದ ಗಾಳಿ ಬೀಸಿದ ದಿನ ಜೇಬಿಗೆ ಕಲ್ಲು ತುಂಬಿಕೊಂಡೇ ಹೊರಗೆ ಬರುತ್ತಾರೆ ಎಂದು ಊರು ಹೇಳುತ್ತದೆ. "ಟೋಪಿಯಿಂದ ಇಳಿಬಿದ್ದಿರೋ ಕುಚ್ಚು ಬಲಗಡೆ ಇರ್ಲಿ, ಕೇಳ್ತಾ ಇದೀರಾ? ಎಲ್ಲರದ್ದೂ ಬಲಗಡೆ. ಹೆಸರು ಕೂಗಿ ಡಿಪ್ಲೊಮ ಕೈಗೆ ಕೊಟ್ಟ ಮೇಲೆ ಎಡಗಡೆಗೆ ಹಾಕ್ಕೋಬೇಕು. ಬಲಗಡೆ ಅಂದ್ರೆ ಇನ್ನೂ ಆಗಿಲ್ಲ. ಎಡಗಡೆ ಅಂದ್ರೆ ಆಯ್ತು. ಮತ್ತೆ ನಮ್ಮ ಪದ್ಧತಿ ಮರೀಬೇಡಿ, ಮೈಕಿನ ಮುಂದೆ ಒಂದು ವಾಕ್ಯ. ಒಂದೇ ಒಂದು. ಆದ್ರೆ ನಿಜವಾದ್ದಿರಬೇಕು. ಅದನ್ನ ಹೇಳದೆ ಯಾರಿಗೂ ಡಿಪ್ಲೊಮ ಇಲ್ಲ. ಆಮೇಲೆ, ಈ ಸಲ ಜಾಗ ಬದಲಾಗಿದೆ. ಇಲ್ಲಿ ನೆಂಟರು ಹಿಡಿಯಲ್ಲ. ಲೂಥರನ್ ಚರ್ಚಿನ ಕೆಳಗಿನ ಹಾಲ್ ಕೊಟ್ಟಿದಾರೆ. ಕಾಫಿ ಚರ್ಚಿನ ಹೆಂಗಸರದ್ದು."

ಬ್ರೀಟಾ ನೆಲದಿಂದ ಏಳಲಿಲ್ಲ. ಚರ್ಚಿನ ಕಾಫಿ ಎಂದರೆ ಅಜ್ಜಿ ಲೆಂಪಿ. ಅಲ್ಲಿನ ದೊಡ್ಡ ಕಾಫಿ ಪಾತ್ರೆಯನ್ನು ಅಜ್ಜಿ ಬಿಟ್ಟು ಬೇರೆ ಯಾರಾದರೂ ಮುಟ್ಟಿದ್ದನ್ನು ಬದುಕಿರುವವರು ಯಾರೂ ನೋಡಿಲ್ಲ. ಹಿಂದೊಮ್ಮೆ ಪಾದ್ರಿ ಮುಟ್ಟಲು ಹೋಗಿ ಆ ವಾರದ ಉಪದೇಶವನ್ನೇ ಮರೆತರು. ಬಲಗಡೆ ಅಂದರೆ ಇನ್ನೂ ಆಗಿಲ್ಲ. ಅವಳ ಕೈ ತಾನಾಗಿಯೇ ಮೇಲೆದ್ದು ಕಿವಿಯ ಪಕ್ಕದ ಕುಚ್ಚನ್ನು ಮುಟ್ಟಿತು. ಅಜ್ಜಿಯ ಹಜಾರದಲ್ಲಿ, ಏಸುವಿನ ಪಟದ ಕೆಳಗೆ, ಹಡಗಿನ ಸಮವಸ್ತ್ರದಲ್ಲಿ ನಿಂತ ಅಜ್ಜನ ಪಟದ ಪಕ್ಕದಲ್ಲಿ, ಆರು ವರ್ಷದಿಂದ ಇದೇ ಟೋಪಿ ಹಾಕಿಕೊಂಡು ನಗುತ್ತಿರುವ ಇನ್ನೊಬ್ಬ ಬ್ರೀಟಾ ಇದ್ದಳು. ಅವಳ ಕುಚ್ಚು ಯಾವ ಕಡೆಗಿತ್ತು?

ನಮ್ಮ ಕಡೆ ಒಂದು ಪದ್ಧತಿಯಿದೆ. ಮಕ್ಕಳು ಪಾಸಾಗುವುದು ಬೇಸಗೆಯಲ್ಲಿ. ಗೌನು ಟೋಪಿ ಹಾಕಿಸಿ ಪಟ ತೆಗೆಸುವುದು ಮಾತ್ರ ಅದರ ಹಿಂದಿನ ಎಲೆ ಉದುರುವ ಕಾಲದಲ್ಲೇ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದನ್ನು ಗಾದೆಯಾಗಿ ಬಿಡದೆ ಸರದಿಯಲ್ಲಿ ನಿಂತು ಆಚರಿಸುವ ಜನ ನಾವು. ಗ್ರೀನ್ ಬೇ ಪಟ್ಟಣದಲ್ಲಿ ಅಮ್ಮನ ಜೊತೆಗಿದ್ದಾಗ ಬ್ರೀಟಾಳೂ ಹಾಗೆ ಸರದಿಯಲ್ಲಿ ನಿಂತಿದ್ದಳು. ಪಟದವನು ಗಲ್ಲ ಎತ್ತಿ, ಭುಜ ತಿರುಗಿಸಿ, ನಗು ಎಂದಿದ್ದ. ಅವಳ ಹಿಂದೆ ನಿಂತಿದ್ದ ಹುಡುಗಿಗೂ ಅದೇ ಗೌನು, ಅದೇ ಟೋಪಿ. ಬಟ್ಟೆಯಲ್ಲಿ ಅವಳಿಗಿಂತ ಮೊದಲು ತೊಟ್ಟವಳ ಬೆವರಿನ ಬಿಸಿ ಇನ್ನೂ ಇತ್ತು. ಪಟವನ್ನು ಅಮ್ಮ ಚೌಕಟ್ಟು ಹಾಕಿಸಿ ಅಜ್ಜಿಗೆ ಕಳಿಸಿದಳು. ಆಮೇಲೆ ಚಳಿಗಾಲ ಬಂತು. ಒಂದು ಬೆಳಿಗ್ಗೆ ಶಾಲೆಯ ಬಸ್ಸು ಬಂದು ನಿಂತಿತು, ಬಾಗಿಲು ಉಸಿರು ಬಿಟ್ಟಂತೆ ತೆರೆದುಕೊಂಡಿತು, ಒಳಗಿನ ಬೆಚ್ಚನೆಯ ಹಳದಿ ಬೆಳಕು ಹಿಮದ ಮೇಲೆ ಬಿತ್ತು. ಬ್ರೀಟಾ ಹತ್ತಲಿಲ್ಲ. ಜ್ವರವಿರಲಿಲ್ಲ, ಜಗಳವಿರಲಿಲ್ಲ, ಯಾವ ಹುಡುಗನೂ ಕೈಕೊಟ್ಟಿರಲಿಲ್ಲ. ಡ್ರೈವರು ಅವಳನ್ನು ನೋಡಿದ, ಅವಳು ಡ್ರೈವರನ್ನು ನೋಡಿದಳು, ಆ ನೋಟ ಇಡೀ ಒಂದು ಯುಗ ನಡೆಯಿತು, ಬಾಗಿಲು ಮುಚ್ಚಿಕೊಂಡಿತು. ಅಷ್ಟೇ. ಯಾಕೆ ಬಿಟ್ಟೆ ಎಂದು ಶಾಲೆಯವರು ಕೇಳಿದರು, ಅಮ್ಮ ಕೇಳಿದಳು, ಪೆಲ್ಕಿ ಮೇಷ್ಟ್ರು ಮೊದಲ ದಿನ ಕೇಳಿದರು. ಪ್ರತಿ ಸಲವೂ ಅವಳಿಗೆ ನೆನಪಾಗುತ್ತಿದ್ದದ್ದು ಹಿಮದ ಮೇಲೆ ಬಿದ್ದು ಎದ್ದುಹೋದ ಆ ಹಳದಿ ಚೌಕ ಮಾತ್ರ. ಆ ಬೇಸಗೆಯಲ್ಲಿ ಅಜ್ಜಿಯ ಮನೆಗೆ ಬಂದಿಳಿದಾಗ ಅಜ್ಜಿ ಬಾಗಿಲಲ್ಲೇ ಅಪ್ಪಿಕೊಂಡು, "ಬಂದ್ಲು ನೋಡು ನಮ್ಮ ಮನೆತನದ ಮೊದಲ ಪಾಸು!" ಎಂದಳು. ಶಾಲೆ ಬಿಟ್ಟದ್ದನ್ನು ಅಮ್ಮ ಅಜ್ಜಿಗೆ ಹೇಳಿರಲಿಲ್ಲ. ಅಪ್ಪುಗೆಯೊಳಗೆ ಬ್ರೀಟಾಳ ಬಾಯಿ ಅದುಮಿಹೋಗಿತ್ತು. ಬಾಯಿ ಬಿಡುಗಡೆಯಾಗುವ ಹೊತ್ತಿಗೆ ಪಟ ಗೋಡೆ ಹತ್ತಿತ್ತು.

ಎದ್ದು ಗೌನಿನ ಧೂಳು ಕೊಡವಿ, ಗೌನು ಟೋಪಿ ಕಳಚಿ ಪೆಟ್ಟಿಗೆಗೆ ಹಾಕಿ, ಅವಳು ದಂಡೆಯ ಮೀನಿನಂಗಡಿಯ ಕಡೆ ನಡೆದಳು. ಜೂನ್ ಬಂದಿದ್ದರೂ ಅಂಗಡಿ ಸಾಲಿನ ಹಿಂದೆ ಚಳಿಗಾಲದ ಹಿಮದ ರಾಶಿ ಇನ್ನೂ ಕರಗದೆ, ಮೈಯೆಲ್ಲ ಮಸಿ ಮೆತ್ತಿಕೊಂಡು, ಮುದಿ ಆನೆಯಂತೆ ಮಲಗಿತ್ತು. ಬೆಳಗಿನ ಪಾಳಿಯಲ್ಲಿ ಅವಳು ಆ ಅಂಗಡಿಯಲ್ಲಿ ಮೀನನ್ನು ಹೊಗೆಗೂಡಿಗೆ ಏರಿಸುತ್ತಾಳೆ, ಮಧ್ಯಾಹ್ನ ಶಾಲೆ. ಅಜ್ಜಿಗೆ ಹೇಳಿದ್ದು ಮಾತ್ರ, ದಿನವಿಡೀ ಮೀನು. ಈ ಸುಳ್ಳಿಗೆ ಬೇಕಾದದ್ದು ವಾಸನೆ. ಶಾಲೆಯಲ್ಲಿ ಕೂತು ಎದ್ದರೆ ಮೈಯ ಹೊಗೆ ಆರಿಹೋಗುತ್ತದೆ, ಅಜ್ಜಿಯ ಮೂಗೋ ಕೆನಡಾದಲ್ಲಿ ಬೆಂದ ಬ್ರೆಡ್ಡಿಗೆ ಇಲ್ಲಿಂದಲೇ ಏಲಕ್ಕಿ ಸಾಲದು ಎನ್ನುವಂಥದ್ದು. ಹಾಗಾಗಿ ಬ್ರೀಟಾ ದಿನವೂ ಮನೆಗೆ ಹೋಗುವ ಮುಂಚೆ ಅಂಗಡಿಯ ಹಿಂದಿನ ಖಾಲಿ ಮೀನಿನ ಪೆಟ್ಟಿಗೆಗಳಿಗೆ ಅಂಗೈ ಉಜ್ಜಿ, ಅಂಗೈಯನ್ನು ಕೂದಲಿಗೆ ಉಜ್ಜಿಕೊಳ್ಳುತ್ತಿದ್ದಳು. ಬೇರೆ ಹುಡುಗಿಯರು ಹುಡುಗರ ಜೊತೆ ತಿರುಗಿ ಬಂದು ವಾಸನೆ ತೊಳೆದುಕೊಳ್ಳುತ್ತಾರೆ. ಇವಳು ಬೀಜಗಣಿತ ಮಾಡಿ ಬಂದು ವಾಸನೆ ಹಚ್ಚಿಕೊಳ್ಳುತ್ತಿದ್ದಳು. ಇವತ್ತು ಉಜ್ಜುವಾಗ ಮರದ ಸಿಬಿರೊಂದು ಅಂಗೈಗೆ ಚುಚ್ಚಿತು. ಅದನ್ನು ಕೀಳದೆ, ನೋವಿನ ಆ ಸಣ್ಣ ಚುಕ್ಕೆಯನ್ನು ಮುಷ್ಟಿಯಲ್ಲಿ ಜೋಪಾನವಾಗಿ ಹಿಡಿದುಕೊಂಡು, ಸರೋವರದ ಪಕ್ಕದ ದಾರಿ ಹಿಡಿದಳು. ನೀರಿನ ಮೇಲೆ ಮಂಜು ಕೂತಿತ್ತು. ಆಚೆ ದಡವಿಲ್ಲದ ನೀರು. ಮಂಜಿನೊಳಗಿಂದ ಬಸ್ಸೊಂದು ಬಂದು ಬಾಗಿಲು ತೆರೆದರೆ ಹತ್ತುತ್ತೇನೆಯೇ ಎಂದು ಕೇಳಿಕೊಂಡಳು. ಉತ್ತರ ಕಾಲಿಗೆ ಗೊತ್ತಿರಬಹುದೆಂದು ಕೆಳಗೆ ನೋಡಿದಳು. ಕನ್ನಡಿ ಇರಲಿಲ್ಲ.

ಮನೆಯಲ್ಲಿ ಅಜ್ಜಿ ಫೋನಿನಲ್ಲಿದ್ದಳು. ಆ ಕಡೆ ಚರ್ಚಿನ ಗೆಳತಿ ಸೈಮಾ. ಮೊಮ್ಮಗ ಹಲ್ಲಿನ ಡಾಕ್ಟರಾದ ದಿನದಿಂದ ಬಾಯಿ ಮುಚ್ಚದ ಸೈಮಾ. "ಹೂಂ ಕಣೇ, ಶನಿವಾರ ನಾವೇ ಕಾಫಿ. ಅರ್ಧಕ್ಕೆ ಬಿಟ್ಟ ಮಕ್ಕಳದ್ದಂತೆ. ಪಾಪ, ಕುಡೀಲಿ ಬಿಡು. ಎಲ್ಲರ ಮನೇಲೂ ನಮ್ಮ ಬ್ರೀಟಾ ಹುಟ್ಟಕ್ಕಾಗತ್ತಾ? ಇವಳು ಇಡೀ ಶಾಲೆಗೇ ಮೊದಲು ಬಂದೋಳು. ಸಾವಿರ ಜನದ ಮುಂದೆ ಭಾಷಣ ಮಾಡಿದ್ಲಂತೆ, ಗವರ್ನರು ಎದ್ದು ನಿಂತು ಕೈ ಕುಲುಕಿದ್ರಂತೆ. ಏನು? ಹೋದ ಸಲ ಐನೂರು ಅಂದಿದ್ನಾ? ಕೂತೋರು ಐನೂರು ಕಣೇ. ನಿಂತೋರನ್ನ ಎಣಿಸೋದು ಬೇಡ್ವಾ?"

ಮೊದಲ ವರ್ಷ ಪಾಸು ಬರೀ ಪಾಸಾಗಿತ್ತು. ಎರಡನೆಯ ವರ್ಷ ಅದಕ್ಕೆ ಬಹುಮಾನ ಹುಟ್ಟಿತು, ಆಮೇಲೆ ಭಾಷಣ, ಆಮೇಲೆ ಗವರ್ನರು. ಹೀಗೇ ಬಿಟ್ಟರೆ ಮುಂದಿನ ವರ್ಷ ಇಂಗ್ಲೆಂಡಿನ ಅರಮನೆಯಿಂದ ಯಾರಾದರೂ ಹೊರಟು ಬರುವುದು ಖಂಡಿತ. ಬ್ರೀಟಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಂತೆ, ಆ ಭಾಷಣ ಮಾಡಿದ ಹುಡುಗಿಯ ಬಗ್ಗೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಎಷ್ಟು ಚೆನ್ನಾಗಿ ಓದಿದಳು ಅವಳು! ಬಸ್ಸು ತಪ್ಪಿಸಲೇ ಇಲ್ಲ. ಗೋಡೆಯ ಮೇಲೆ ಅವಳು ನಗುತ್ತಿದ್ದಳು, ಗಾಜಿನ ಮೇಲೆ ಒಂದು ಕಣ ಧೂಳಿರಲಿಲ್ಲ. ಕುಚ್ಚು ನೋಡಿದಳು. ಎಡಗಡೆ. ಒಂದು ಕ್ಷಣ ಎದೆ ಹಗುರಾಯಿತು, ಯಾರೋ ಎಲ್ಲೋ ನಿಜವಾಗಿಯೂ ಪಾಸಾಗಿದ್ದಾರೆ ಎಂಬಂತೆ. ಆಮೇಲೆ ತನ್ನ ಕೈಯೆತ್ತಿ ಕಿವಿ ಮುಟ್ಟಿಕೊಂಡಳು. ನೋಡುವವರಿಗೆ ಎಡ. ಪಟದೊಳಗಿನವಳಿಗೆ ಬಲ. ಆರು ವರ್ಷದಿಂದ ಆ ಹುಡುಗಿ ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಲೇ ಇದ್ದಳು. ಹಜಾರ ದಾಟಿ ಹೋದವರೆಲ್ಲ ಅದನ್ನು ತಮ್ಮ ಕಡೆಯಿಂದ ಓದಿಕೊಂಡು ಹೋಗಿದ್ದರು.

"ಮೀನು ವಾಸನೆ!" ಎಂದಳು ಅಜ್ಜಿ ಫೋನಿಟ್ಟು, ಸಂತೋಷದಿಂದ. "ದುಡಿಯೋ ಮಗು. ಬಾ, ನಿಸು ಈಗ ತಾನೆ ಬೆಂದಿದೆ." ಏಲಕ್ಕಿ ಹಾಕಿ ಜಡೆ ಹೆಣೆದ ಬ್ರೆಡ್ಡನ್ನು ದಪ್ಪಗೆ ಕೊಯ್ದು ಬೆಣ್ಣೆ ಸವರಿ ಕೊಟ್ಟಳು. ಬ್ರೀಟಾ ಅದನ್ನು ಮೀನಿನ ಕೈಯಲ್ಲಿ ತಿಂದಳು.

ಶುಕ್ರವಾರ ಸಂಜೆ ಸೌನಾ. ಹಿತ್ತಲಿನ ಮರದ ಕೋಣೆಯಲ್ಲಿ ಒಲೆ ಉರಿಸಿ, ಕಲ್ಲು ಕಾಯಿಸಿ, ಮೈಮೇಲೆ ನೂಲಿಲ್ಲದೆ ಹಲಗೆಯ ಮೇಲೆ ಕೂರುವುದು. ನಮ್ಮ ಹಳಬರು ಅಲ್ಲೇ ಹುಟ್ಟಿದರು, ಸತ್ತ ಮೇಲೆ ಅಲ್ಲೇ ಮೈ ತೊಳೆಸಿಕೊಂಡರು, ನಡುವೆ ಅಲ್ಲಿ ಕೂತು ಸುಳ್ಳು ಹೇಳಿದವರ ನಾಲಿಗೆಗೆ ಬೊಬ್ಬೆ ಬರುತ್ತಿತ್ತು ಎನ್ನುತ್ತಾರೆ. ಅಜ್ಜಿಯೂ ಅಲ್ಲಿ ಗವರ್ನರನ್ನು ಒಳಗೆ ಕರೆಯುತ್ತಿರಲಿಲ್ಲ. ಹೊರಗೆ ಇನ್ನೂ ಬೆಳಕಿತ್ತು. ಸಣ್ಣ ಕಿಟಕಿಯಿಂದ ಬಂದ ಬಿಸಿಲು ಆವಿಯೊಳಗೆ ಒಂದು ಹಳದಿ ಚೌಕವಾಗಿ ನಿಂತಿತು. ಬ್ರೀಟಾ ಅದನ್ನೇ ನೋಡುತ್ತ ಕೂತಳು. ಈ ಸಲ ಅದು ಎದ್ದುಹೋಗಲಿಲ್ಲ.

"ಮುಮ್ಮು," ಎಂದಳು. ಅಜ್ಜಿಯನ್ನು ಅವಳು ಕರೆಯುವುದು ಹಾಗೆ. "ಆ ಪಟದಲ್ಲಿ ನಾನು ಪಾಸಾಗಿಲ್ಲ."

"ಪಟ ಚೆನ್ನಾಗೇ ಬಂದಿದೆಯಲ್ಲೇ."

"ಪಟ ತೆಗೆದ ಮೇಲೆ ಶಾಲೆ ಬಿಟ್ಟೆ. ನಾಳೆ ಚರ್ಚಲ್ಲಿ ಅರ್ಧಕ್ಕೆ ಬಿಟ್ಟ ಮಕ್ಕಳು ಅಂದ್ಯಲ್ಲ, ಅದರಲ್ಲಿ ನಾನೂ ಒಬ್ಬಳು. ಈಗ ಪಾಸಾಗಿದೀನಿ. ನಾಳೆ ಕೊಡ್ತಾರೆ."

ಅಜ್ಜಿ ಸೌಟು ತುಂಬ ನೀರೆತ್ತಿ ಕಲ್ಲಿನ ಮೇಲೆ ಎರಚಿದಳು. ಕಲ್ಲು ಬುಸುಗುಟ್ಟಿತು. ಇನ್ನೊಂದು ಸೌಟು. ಮತ್ತೊಂದು. ಆ ಕಾವಿಗೆ ಹೊರಗಿನ ಹಿಮದ ಆನೆಯೂ ಬೆವರಿರಬೇಕು. ಬ್ರೀಟಾ ಮೊಣಕಾಲಿಗೆ ಮುಖ ಹುದುಗಿಸಿ ಉಸಿರು ಹಿಡಿದಳು. ಆವಿಯಲ್ಲಿ ಅಜ್ಜಿ ಕರಗಿಹೋಗಿದ್ದಳು. ಒಂದು ಮಂಡಿ ಮಾತ್ರ ಉಳಿದಿತ್ತು, ಹಳೆಯ ಮರದ ಗಂಟಿನಂಥ ಮಂಡಿ. ಮಾತು ಆ ಮಂಡಿಯ ಕಡೆಯಿಂದಲೇ ಬಂತು.

"ಕುಚ್ಚಿದೆಯಲ್ಲ ಟೋಪೀಲಿ. ಪಾಸಾದೋರಿಗೆ ಎಡಗಡೆ ಇರತ್ತೆ ಅಂತ ಸೈಮಾ ಹೇಳಿದ್ಲು. ನಿಂದು ಎಡಗಡೆನೇ ಇದೆ. ನಾನು ದಿನಾ ಒರೆಸ್ತೀನಿ, ನಂಗೆ ಗೊತ್ತಿಲ್ವಾ?"

"ಅದು ನೋಡೋರ ಎಡ, ಮುಮ್ಮು. ನನ್ನ ಬಲ."

ಮತ್ತೆ ನೀರು ಬೀಳಲಿಲ್ಲ. ಆವಿ ನಿಧಾನವಾಗಿ ತಿಳಿಯಾಯಿತು, ಅಜ್ಜಿ ತುಂಡುತುಂಡಾಗಿ ವಾಪಸು ಬಂದಳು: ಹೆಗಲು, ಜೋಲುಬಿದ್ದ ಎದೆ, ಕೊನೆಗೆ ಮುಖ. ಅಷ್ಟು ಸಣ್ಣ ಮುಖವನ್ನು ಬ್ರೀಟಾ ನೋಡಿರಲಿಲ್ಲ.

"ಗವರ್ನರನ್ನ ಕರ್ಕೊಂಡ್ ಬಂದಿದ್ದು ನಾನು," ಎಂದಳು ಅಜ್ಜಿ. "ಅದು ನಿನ್ನ ತಪ್ಪಲ್ಲ ಬಿಡು." ಸ್ವಲ್ಪ ಹೊತ್ತು ಸೌಟಿನ ಹಿಡಿಯನ್ನು ಉಜ್ಜಿದಳು. "ನಾಳೆ ಹೋಗು. ತಗೋ. ನಾನು ಬೇಡ ಅನ್ನಲ್ಲ. ಆದ್ರೆ ಸೈಮಾ ಮುಂದೆ ನನ್ನ ಮಾನ ಕಳೀಬೇಡ ಕಣೇ. ಮೊದಲ್ನೇದು ಇದೆ, ಇದು ಎರಡನೇದು ಅಂತೀನಿ ನಾನು. ನೀನು ಸುಮ್ನಿರು. ಇಷ್ಟು ವರ್ಷ ಸುಮ್ನಿದ್ಯಲ್ಲ, ಇನ್ನೊಂದು ದಿನ."

ಮೈಕಿನ ಮುಂದೆ ಒಂದು ನಿಜವಾದ ವಾಕ್ಯ ಹೇಳಬೇಕು ಎನ್ನಲು ಬ್ರೀಟಾ ಬಾಯಿ ತೆರೆದಳು. ಬಿಸಿಗಾಳಿ ಒಳಗೆ ನುಗ್ಗಿ ನಾಲಿಗೆ ಸುಟ್ಟಿತು.

"ಬಾಗಿಲು ಸರಿಯಾಗಿ ಹಾಕು," ಎಂದಳು ಅಜ್ಜಿ. "ಆವಿ ಹೋಗ್ತಿದೆ."

ಶನಿವಾರ ಚರ್ಚಿನ ಕೆಳಗಿನ ಹಾಲಿನಲ್ಲಿ ಅಮೆರಿಕದ ಅರ್ಧ ಜನಸಂಖ್ಯೆ ಸೇರಿತ್ತು ಎಂದರೆ ನಂಬಬೇಕು; ಉಳಿದರ್ಧ ಮೆಟ್ಟಿಲ ಮೇಲಿತ್ತು. ಡೆಲ್ಬರ್ಟನ ಹೆಂಡತಿ, ಅವನ ತಾಯಿ, ಅವನ ಲಾರಿಯ ಜೊತೆಗಾರರು, ಯಾರದೋ ಕಂಕುಳಲ್ಲಿ ಅಳುವ ಕೂಸು. ಬಾಗಿಲ ಪಕ್ಕದ ಉದ್ದನೆಯ ಮೇಜಿನ ಹಿಂದೆ ಕಾಫಿಯ ಹೆಂಗಸರು, ನಡುವೆ ಹೂವಿನ ಏಪ್ರನ್ನು ಕಟ್ಟಿದ ಅಜ್ಜಿ, ಅವಳ ಮಗ್ಗುಲಲ್ಲಿ ಸಕ್ಕರೆ ಬಟ್ಟಲು ಹಿಡಿದ ಸೈಮಾ. ಬ್ರೀಟಾ ಗೌನು ಹಾಕಿಕೊಂಡು ಒಳಗೆ ಬಂದಾಗ ಸೈಮಾಳ ಹುಬ್ಬು ಹಣೆ ದಾಟಿ ಕೂದಲಿಗೆ ಹೋಯಿತು. ಅಜ್ಜಿಯ ದನಿ ಅಲ್ಲಿದ್ದವರಿಗೆಲ್ಲ ಕೇಳಿಸಿತು: "ಹೂಂ ಕಣೇ, ನಮ್ಮವಳೇ. ಒಂದು ಡಿಪ್ಲೊಮ ಸಾಲದು ಅಂತ ಎರಡನೇದು ತಗೋತಿದಾಳೆ. ಓದೋ ಚಟ. ಏನ್ಮಾಡೋದು, ಕೆಲವರಿಗೆ ಕುಡಿಯೋ ಚಟ ಇರತ್ತೆ." ಸೈಮಾ ಸಕ್ಕರೆ ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಬ್ರೀಟಾ ತನ್ನ ಕುರ್ಚಿಯಲ್ಲಿ ಕೂತು ಮುಷ್ಟಿ ಬಿಗಿದಳು. ಸಿಬಿರು ಇನ್ನೂ ಅಲ್ಲೇ ಇತ್ತು.

ಹೆಸರುಗಳನ್ನು ಕೂಗತೊಡಗಿದರು. ದನಿಗಳು ದೂರದ ದಡದಿಂದ ತೇಲಿಬಂದಂತಿದ್ದವು. ಡೆಲ್ಬರ್ಟ್ ವೇದಿಕೆ ಹತ್ತಿದಾಗ ಹಲಗೆಗಳು ನರಳಿದವು. ಅವನು ಮೈಕನ್ನು ಹಿಡಿದು, "ನನ್ನ ಮಗಳು ಲೆಕ್ಕ ಹೇಳ್ಕೊಡು ಅಂದಾಗೆಲ್ಲ ನಾನು ಹಿಮ ತಳ್ಳಕ್ಕೆ ಹೋಗ್ತಿದ್ದೆ, ಹಿಮ ಬೀಳದೆ ಇದ್ರೂನೂ," ಎಂದ. ಯಾರೋ ನಕ್ಕರು, ಅವನ ತಾಯಿ ಮೂಗು ಸೀಟಿದಳು. ಆಮೇಲೆ ಬ್ರೀಟಾ ರಾನ್ಟಾ ಎಂದರು. ಅದು ತನ್ನ ಹೆಸರು ಎಂದು ಅವಳಿಗೆ ಕೂಡಲೇ ಹೊಳೆಯಲಿಲ್ಲ. ಗೋಡೆಯ ಮೇಲಿನವಳು ಎದ್ದು ಹೋಗಲಿ ಎಂದು ಕಾದಳು. ಅವಳು ಏಳಲಿಲ್ಲ. ಬಸ್ಸು ಬಂದು ನಿಂತಿತ್ತು, ಬಾಗಿಲು ತೆರೆದಿತ್ತು, ಹಳದಿ ಬೆಳಕು ವೇದಿಕೆಯ ಮೆಟ್ಟಿಲ ಮೇಲೆ ಬಿದ್ದಿತ್ತು, ಪೆಲ್ಕಿ ಮೇಷ್ಟ್ರು ಡ್ರೈವರಿನಂತೆ ಅವಳನ್ನೇ ನೋಡುತ್ತಿದ್ದರು. ಬ್ರೀಟಾ ಕೆಳಗೆ ನೋಡಿದಳು. ಕಾಲುಗಳು ಆಗಲೇ ಹೊರಟಿದ್ದವು.

ಮೈಕಿನ ಹಿಂದಿನಿಂದ ಇಡೀ ಹಾಲ್ ಆವಿ ತುಂಬಿದ ಕೋಣೆಯಂತೆ ಕಂಡಿತು. ಅದರ ಆಚೆ ತುದಿಯಲ್ಲಿ ಅಜ್ಜಿ ಕಾಫಿಯ ಜಗ್ಗು ಹಿಡಿದು ನಿಂತಿದ್ದಳು. ಕಣ್ಣು ಸುಮ್ನಿರು ಎನ್ನುತ್ತಿತ್ತು, ಬೇಡುತ್ತಿತ್ತು. ಹೇಳಬಹುದಾದ ವಾಕ್ಯಗಳು ಎಷ್ಟೊಂದಿದ್ದವು! ಮೀನಿನ ಬಗ್ಗೆ ಹೇಳಬಹುದಿತ್ತು. ಮೇಷ್ಟ್ರಿಗೆ ವಂದನೆ ಹೇಳಬಹುದಿತ್ತು, ಅದೂ ನಿಜವೇ. ಅಜ್ಜಿಯ ಮಾನ ಉಳಿಯುತ್ತಿತ್ತು, ಡಿಪ್ಲೊಮ ಸಿಗುತ್ತಿತ್ತು, ಗೋಡೆಯ ಮೇಲೆ ಮೊದಲನೆಯದರ ಪಕ್ಕ ಎರಡನೆಯದು ಏರುತ್ತಿತ್ತು, ಮತ್ತು ಆ ಇನ್ನೊಬ್ಬಳು ಎಂದೆಂದಿಗೂ ಇವಳಿಗಿಂತ ಮೊದಲು ಪಾಸಾದವಳಾಗಿ ಉಳಿಯುತ್ತಿದ್ದಳು. ಬ್ರೀಟಾ ಮುಷ್ಟಿಯನ್ನು ಇನ್ನಷ್ಟು ಬಿಗಿದಳು.

"ನಾನು ಪಾಸಾಗ್ತಿರೋದು ಇದೇ ಮೊದಲನೇ ಸಲ," ಎಂದಳು.

ಹಾಲಿನಲ್ಲಿ ಯಾರಿಗೂ ಅದು ದೊಡ್ಡ ಮಾತಾಗಿ ಕೇಳಿಸಲಿಲ್ಲ. ಎರಡು ಮೂರು ಚಪ್ಪಾಳೆ ಬಂದವು. ಕಾಫಿಯ ಮೇಜಿನ ಹಿಂದೆ ಮಾತ್ರ ಸಾವಿರ ಚಳಿಗಾಲಗಳ ಹಿಮ ಒಟ್ಟಿಗೇ ಬಿತ್ತು. ಸೈಮಾ ಬಹಳ ನಿಧಾನವಾಗಿ, ಹಲ್ಲಿನ ಡಾಕ್ಟರೇ ತಿದ್ದಿಕೊಟ್ಟ ಅಷ್ಟೂ ಹಲ್ಲುಗಳು ಕಾಣುವಂತೆ, ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಜಗ್ಗನ್ನು ಕೆಳಗಿಟ್ಟಳು. ಆ ಪಾತ್ರೆಗಳ ಮುಂದೆ ನಿಂತಷ್ಟು ವರ್ಷದಲ್ಲಿ ಅವಳ ಕೈ ಖಾಲಿಯಾದದ್ದು ಅದೇ ಮೊದಲು.

"ಕೇಳಬೇಡ ಸೈಮಾ," ಎಂದಳು, ಚರ್ಚಿನ ಗಂಟೆಗೂ ಕೇಳುವಷ್ಟು ಗಟ್ಟಿಯಾಗಿ. "ಈ ಹುಡುಗಿಗೆ ಚಿಕ್ಕಂದಿನಿಂದ ಸುಳ್ಳು ಹೇಳೋ ಅಭ್ಯಾಸ."

ಮೇಷ್ಟ್ರು ಡಿಪ್ಲೊಮ ಕೈಗಿಟ್ಟರು. ಅದು ಸಿಬಿರಿಗೆ ತಾಗಿ ನೋವಾಯಿತು. ಮುಂದೇನು ಮಾಡಬೇಕೆಂಬುದು ಬ್ರೀಟಾಗೆ ಮರೆತುಹೋಗಿತ್ತು. ಕುಚ್ಚನ್ನು ಬಲಗಡೆಯೇ ತೂಗಾಡಿಸಿಕೊಂಡು, ಬೆಳಕಿನ ಚೌಕದೊಳಗೆ, ಯಾರೋ ಪಟ ತೆಗೆಯಲಿ ಎಂಬಂತೆ ನಿಂತೇ ಇದ್ದಳು. ಸರದಿಯಲ್ಲಿ ಅವಳ ಹಿಂದಿದ್ದವನು ಕೆಮ್ಮಿದ. ಕಾಫಿಯ ಮೇಜಿನ ಹಿಂದೆ ಅಜ್ಜಿ ಅವಳನ್ನು ಸಿಟ್ಟಿನಿಂದ ದಿಟ್ಟಿಸಿದಳು. ಆಮೇಲೆ, ಸೈಮಾ ನೋಡುತ್ತಿದ್ದಂತೆಯೇ, ಎಲ್ಲರೂ ನೋಡುತ್ತಿದ್ದಂತೆಯೇ, ಖಾಲಿಯಾದ ಕೈಯನ್ನು ಎತ್ತಿ ತನ್ನ ಬಲಗಿವಿಯ ಹತ್ತಿರ ಇಲ್ಲದ ಒಂದು ಕುಚ್ಚನ್ನು ಬೆರಳಲ್ಲಿ ಹಿಡಿದು, ಬಿಳಿಗೂದಲಿನ ಮೇಲಿಂದ, ಹಣೆ ದಾಟಿಸಿ, ಮೆಲ್ಲಗೆ ಎಡಗಡೆಗೆ ತಂದು ಬಿಟ್ಟಳು.